ತ್ರಿಗುಣ ಟೆನಿಸ್ ಮೀಮಾಂಸೆ: ಚಿಕ್ಕೋಡಿ ಜಿಲ್ಲೆಯ ಬೇಡಿಕೆಯ ಬೆಳಕಿನಲ್ಲಿ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಟೆನಿಸ್ ಬಾಲಿಗೆ ಬರವಿಲ್ಲ; ಅದು ಪೆಟ್ಟು ತಿನ್ನುವುದು ಮಾತ್ರ ಕ್ರಿಕೆಟ್ ಬ್ಯಾಟಿನಿಂದ. ಆದ್ದರಿಂದ ಈ ಸೀಮೆಗೆ ಟೆನಿಸ್ ಕಾಲಿಟ್ಟೇ ಇಲ್ಲವೆಂಬುದು ಪೂರ್ವಪಕ್ಷ. ಪ್ರಸ್ತುತ ಪ್ರಬಂಧ ಅದನ್ನು ಖಂಡಿಸುತ್ತದೆ. ಆಟ ದಶಕಗಳಿಂದ ನಡೆದೇ ಇದೆ. ಚೆಂಡಿನ ಹೆಸರು ‘ಚಿಕ್ಕೋಡಿ ಜಿಲ್ಲೆ’.

ಪಾಯಿಂಟ್ ಗಳಿಸಿಕೊಡುವ ಗುಣಗಳು ಮೂರು: ಸ್ಪಿನ್, ವೇಗ, ಜಾಗ.

ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆದರೆ ಚೆಂಡು ಮುಂದಕ್ಕೆ ಉರುಳುತ್ತಾ ಹಾರಿ, ಇನ್ನೇನು ಗೆರೆ ದಾಟಿತು ಎನ್ನುವಾಗ ಗಾಳಿಯ ಒತ್ತಡಕ್ಕೆ ಸಿಕ್ಕು ಅಂಗಳದೊಳಕ್ಕೆ ಇಳಿಯುತ್ತದೆ. ಇದು ಟಾಪ್‌ಸ್ಪಿನ್. ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗುವುದನ್ನು ನ್ಯೂಟನ್ 1672ರಲ್ಲೇ ಬರೆದಿಟ್ಟಿದ್ದ. ಪಾಪ, ಆತ ಬೆಳಗಾವಿಯ ಚಳಿಗಾಲದ ಅಧಿವೇಶನ ಕಂಡವನಲ್ಲ. “ಜಿಲ್ಲಾ ಯಾವಾಗ ಮಾಡ್ತೀರಿ ಸಾಹುಕಾರ್ರ?” ಎಂಬ ನೇರ ಸರ್ವಿಸಿಗೆ, “ನಮ್ಮದೇನೂ ಅಡ್ಡಿ ಇಲ್ಲರಿ, ಮೊದಲ ನೀವೆಲ್ಲಾರೂ ಒಂದಾಗಿ ಬರ್ರಿ” ಎಂಬ ಮರುಹೊಡೆತ ಬರುತ್ತದೆ. ಹೌದೆಂದು ಹೊರಟ ಚೆಂಡು ನೆಲ ಮುಟ್ಟುವಷ್ಟರಲ್ಲಿ ಇಲ್ಲವಾಗಿರುತ್ತದೆ. ನಡಾಲ್ ಕೂಡ ಇಷ್ಟು ಸುತ್ತು ಸುತ್ತಿಸಿದವನಲ್ಲ.

ಇನ್ನು ಸ್ಲೈಸ್. ಇದರಲ್ಲಿ ಚೆಂಡು ಹೆಚ್ಚು ಪುಟಿಯದೆ ತಗ್ಗಿನಲ್ಲೇ ಜಾರಿ ಎದುರಾಳಿಯ ಸೊಂಟ ಬಗ್ಗಿಸುತ್ತದೆ. ಆಡಳಿತದಲ್ಲಿ ಇದಕ್ಕೆ ಸಮಿತಿ ಎನ್ನುತ್ತಾರೆ. ಜಿಲ್ಲೆಗಳ ಪುನರ್ವಿಂಗಡಣೆಗೆಂದು ವಾಸುದೇವರಾವ್, ಹುಂಡೇಕರ, ಗದ್ದಿಗೌಡರ ಎಂದು ಒಂದರ ಹಿಂದೊಂದು ಬಂದವು. ಚೆಂಡು ಕಪಾಟಿನ ಎತ್ತರ ಮೀರಿ ಏಳಲಿಲ್ಲ.

ವೇಗದ ಅಧ್ಯಾಯ ಚಿಕ್ಕದು, ಕಾರಣ ಊಹಿಸಬಹುದು. ಜೋರಾಗಿ ಬಾರಿಸುವುದಷ್ಟೇ ವೇಗವಲ್ಲ, ಥಟ್ಟನೆ ಕಡಿಮೆ ಮಾಡುವುದೂ ಹೌದು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ ಮುಂತಾದ ಏಳು ಜಿಲ್ಲೆಗಳನ್ನು ಮಾಡಿತು. ಚಿಕ್ಕೋಡಿ, ಗೋಕಾಕಗಳೂ ಘೋಷಣೆಯಾದವು. ಬೆಳಗಾವಿಯನ್ನು ಒಡೆದರೆ ಗಡಿ ವಾದಕ್ಕೆ ಧಕ್ಕೆಯೆಂದು ಕನ್ನಡ ಸಂಘಟನೆಗಳು ಎದ್ದವು, ಘೋಷಣೆ ವಾಪಸಾಯಿತು. ಇದು ಶುದ್ಧ ಡ್ರಾಪ್ ಶಾಟ್: ಹಿಂದಿನ ಗೆರೆಯಲ್ಲಿದ್ದವರು ಹಾರ ಹಿಡಿದು ಓಡಿ ಬರುವಷ್ಟರಲ್ಲಿ ಚೆಂಡು ನೆಟ್ಟಿನ ಬುಡದಲ್ಲಿ ಎರಡನೇ ಸಲ ಪುಟಿದಿತ್ತು. 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾಗಿ ಪಕ್ಕದಲ್ಲೇ ಹಾದುಹೋದದ್ದನ್ನು ಏಸ್ ಎಂದು ಲೆಕ್ಕಕ್ಕೆ ಹಿಡಿಯಲಾಗಿದೆ.

ಶಾಸ್ತ್ರದ ತಿರುಳಿರುವುದು ಜಾಗದಲ್ಲಿ. ಸಿಂಗಲ್ಸ್ ಅಂಗಳ 23.77 ಮೀಟರ್ ಉದ್ದ, 8.23 ಮೀಟರ್ ಅಗಲ. ಮೂಲೆಯಿಂದ ಮೂಲೆಗೆ ಅಳೆದರೆ 25 ಮೀಟರ್ ದಾಟುತ್ತದೆ. ನೆಟ್ಟು ಕಂಬದ ಬಳಿ 1.07 ಮೀಟರ್, ನಡುವೆ 0.914. ಹಾದಿ ಉದ್ದ, ತಡೆ ಗಿಡ್ಡ. ಹಾಗಾಗಿ ಜಾಣರು ಅಡ್ಡಮೂಲೆಗೇ ಹೊಡೆಯುತ್ತಾರೆ. ಚಿಕ್ಕೋಡಿಯಿಂದ ಚೆಂಡು ಬಂದರೆ ಗೋಕಾಕಕ್ಕೆ, ಗೋಕಾಕದಿಂದ ಬಂದರೆ ಅಥಣಿಗೆ. ಜಿಲ್ಲಾಕೇಂದ್ರದ ಪಟ್ಟ ಬಯಸುವ ಈ ಮೂವರೂ ತಮ್ಮತಮ್ಮಲ್ಲೇ ಆಡುತ್ತಿರುವಾಗ ಸರ್ಕಾರ ಅಂಪೈರನ ಎತ್ತರದ ಕುರ್ಚಿಯಲ್ಲಿ ನೀರು ಕುಡಿಯುತ್ತಿರುತ್ತದೆ.

ಗೆರೆಗೆ ತಾಗಿದ ಚೆಂಡು ಒಳಗೇ ಎಂಬುದು ಟೆನಿಸ್ ನಿಯಮ. ಇಲ್ಲಿ ಗೆರೆ ಇಲಾಖೆಗೊಂದು. ಶಿಕ್ಷಣ ಇಲಾಖೆಗೆ ಚಿಕ್ಕೋಡಿ ಆಗಲೇ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪಟ್ಟಿಯಲ್ಲಿ ಜಿಲ್ಲೆಯಾಗಿ ಮೆರೆದು ಮರುದಿನ ತಾಲ್ಲೂಕಾಗಿ ಏಳುತ್ತದೆ. ಬೆಳಗಾವಿಯ ಡೀಸಿ ಕಚೇರಿಯ ಕೆಲಸಕ್ಕೆ ಅಥಣಿಯಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಬರುವ ರೈತನನ್ನು ಶಾಸ್ತ್ರ ಬಾಲ್ ಬಾಯ್ ಎಂದು ಗುರುತಿಸುತ್ತದೆ.

ಇಂಥ ಆಟ ಮುಗಿಯುವುದೆಂತು ಎಂಬ ಆಕ್ಷೇಪ ಉಳಿದಿದೆ. 2010ರ ವಿಂಬಲ್ಡನ್ನಿನಲ್ಲಿ ಇಸ್ನರ್ ಮತ್ತು ಮಹುತ್ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ಆಡಿದರು. ಕೊನೆಯ ಸೆಟ್ಟು 70-68. ಅಷ್ಟಕ್ಕೇ ದಣಿದ ವಿಂಬಲ್ಡನ್ 2019ರಿಂದ ಕೊನೆಯ ಸೆಟ್ಟಿಗೂ ಟೈಬ್ರೇಕ್ ತಂದಿತು. ಆ ನಿಯಮವನ್ನು ಇಲ್ಲಿಗೂ ಅನ್ವಯಿಸಬಹುದೇ ಎಂದು ಪರಿಶೀಲಿಸಲು ಹೊಸ ಸಮಿತಿಯೊಂದು ಅವಶ್ಯ. ಅದರ ಕಚೇರಿ ಚಿಕ್ಕೋಡಿಯಲ್ಲಿರಬೇಕೋ, ಗೋಕಾಕದಲ್ಲೋ, ಅಥಣಿಯಲ್ಲೋ ಎಂಬುದಷ್ಟೇ ತೀರ್ಮಾನವಾಗಬೇಕಿದೆ.