ಬಿದ್ದದ್ದು ಎಲ್ಲಿಂದ, ಸ್ವಾಮಿ?

ಮೆಣಸು ಕೊಯ್ಲು ಬಂತೆಂದರೆ ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳಿಗೆ ಏಣಿ ಬೀಳುತ್ತದೆ. ಏಣಿಯಿಂದ ಜನವೂ ಬೀಳುತ್ತಾರೆ. ಆಸ್ಪತ್ರೆಯ ಕಾಗದ ತೆಗೆದು ನೋಡಿ, ಏಣಿಯಿಂದ ಬಿದ್ದವರು ಸಿಗುವುದೇ ಅಪರೂಪ. ಎಲ್ಲರೂ ಬರಿದೇ ಬಿದ್ದವರು.

ಕೇಸ್ ಶೀಟಿನಲ್ಲಿ ‘ಹಿಸ್ಟರಿ ಆಫ್ ಫಾಲ್’. ಮುಗಿಯಿತು. ಎಷ್ಟು ಎತ್ತರದಿಂದ? ಯಾರ ತೋಟದಲ್ಲಿ? ಏನು ಮಾಡುತ್ತಿದ್ದಾಗ? ಕೇಳುವ ಪುರುಸೊತ್ತು ಯಾರಿಗಿದೆ? ಕೇಳಿದರೂ ಉತ್ತರಿಸುವವನು ಬಿದ್ದವನಲ್ಲ, ಜೀಪಿನಲ್ಲಿ ತಂದ ತೋಟದ ರೈಟರು. ಅಸ್ಸಾಮಿನ ಹುಡುಗ ಸ್ಟ್ರೆಚರ್ ಮೇಲೆ ನರಳುತ್ತಿರುತ್ತಾನೆ. ತಲೆಗೂದಲಲ್ಲಿ ಮೆಣಸಿನ ಎಲೆ, ಹೆಗಲಲ್ಲಿ ಕೊಯ್ಲಿನ ಚೀಲ. ‘ಲೈನ್‌ಮನೆ ಮೆಟ್ಟಿಲಲ್ಲಿ ಜಾರಿದ, ಡಾಕ್ಟ್ರೇ’ ಅನ್ನುತ್ತಾನೆ ರೈಟರು. ಡಾಕ್ಟರ ಪೆನ್ನು ಮೆಟ್ಟಿಲನ್ನೇ ಬರೆಯುತ್ತದೆ.

ಬರೆಯಲು ಕೋಡ್ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿ ಬೀಳುವುದಕ್ಕೆಂದೇ ಡಬ್ಲ್ಯು00ರಿಂದ ಡಬ್ಲ್ಯು19ರವರೆಗೆ ಜಾಗ ಬಿಟ್ಟಿದೆ. ಏಣಿಯಾದರೆ ಡಬ್ಲ್ಯು11. ಮರವಾದರೆ ಡಬ್ಲ್ಯು14. ಚುಕ್ಕಿಯ ಮುಂದಿನ ಅಂಕಿ ಸ್ಥಳ ಹೇಳುತ್ತದೆ: ಮನೆಗೆ 0, ಹೊಲ-ತೋಟಕ್ಕೆ 7. ಕಟ್ಟಕಡೆಗೆ ಡಬ್ಲ್ಯು19, ಹೇಗೆ ಬಿದ್ದನೋ ಗೊತ್ತಿಲ್ಲ. ನಮ್ಮವರಿಗೆ ಇದೇ ಅಚ್ಚುಮೆಚ್ಚು. ಯಾರಿಗೂ ನೋವು ಮಾಡದ ಕೋಡ್, ಬಿದ್ದವನೊಬ್ಬನನ್ನು ಬಿಟ್ಟು.

ಅದೇ ತೋಟದಲ್ಲಿ ಆನೆ ತುಳಿಯಲಿ ನೋಡೋಣ. ಸಮಯ, ಸ್ಥಳ, ಒಂಟಿ ಸಲಗವೋ ಹಿಂಡೋ, ಎಲ್ಲವೂ ಮಹಜರಿಗೆ ಬರುತ್ತದೆ. ಶಾಸಕರೂ ಬರುತ್ತಾರೆ. ಪರಿಹಾರ ಸರ್ಕಾರದ ಗಂಟಿನಿಂದ ಬರುವಾಗ ಎಲ್ಲರ ನೆನಪೂ ಚುರುಕು. ಮಾಲೀಕರ ಜೇಬಿನಿಂದ ಬರಬೇಕಾದಾಗ ಸಾಮೂಹಿಕ ಮರೆವು.

ಕಾರ್ಮಿಕರ ಪರಿಹಾರಕ್ಕೆ ಕಾನೂನು 1923ರಲ್ಲೇ ಬಂತು. ಪೆಟ್ಟು ಕೆಲಸದಲ್ಲೇ ಆಯಿತೆಂದು ತೋರಿಸಬೇಕು, ಅಷ್ಟೆ. ತೋರಿಸಬೇಕಾದ ಕಾಗದವೇ ಮೆಟ್ಟಿಲಿನ ಕತೆ ಹೇಳುತ್ತದೆ.

ಇನ್ನು ಆಸ್ಪತ್ರೆಯೊಳಗೇ ಬಿದ್ದವರ ಪಾಡು. ಮಂಚದ ಕಂಬಿ ಎತ್ತಿರಲಿಲ್ಲ, ನೆಲ ಒದ್ದೆಯಿತ್ತು, ಕರೆಗಂಟೆ ಕೆಟ್ಟಿತ್ತು. ದಾಖಲೆಯಲ್ಲಿ ಮಾತ್ರ ‘ರೋಗಿ ಹೇಳದೆ ಕೇಳದೆ ಎದ್ದು ಬಿದ್ದರು’. ಉಳಿದದ್ದನ್ನು ಬರೆದ ನರ್ಸಿಗೆ ಮೆಮೊ. ಏನೂ ಬರೆಯದ ವಾರ್ಡಿಗೆ ಶಹಭಾಸ್. ತಪಾಸಣೆಯವರು ಬರುವ ದಿನ ಗೋಡೆಯ ಮೇಲೆ ‘ಈ ತಿಂಗಳು ಬಿದ್ದವರು: 0’. ಹೊಸದಾಗಿ ಸೊಂಟ ಮುರಿದ ಅಜ್ಜಿ ಎದುರಿನ ಮಂಚದಲ್ಲಿ ಮಲಗಿ ಅದನ್ನು ಓದಬಹುದು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ನಮ್ಮ ಏಣಿಗಳ ಪಾಲೆಷ್ಟು? ಮೆಟ್ಟಿಲುಗಳನ್ನೇ ಕೇಳಬೇಕು. ಈ ದಾಖಲೆ ನಂಬಿ ಸರ್ಕಾರ ಯೋಜನೆ ಹಾಕಿದರೆ ಕೊಡಗಿಗೆ ಸೇಫ್ಟಿ ಬೆಲ್ಟ್ ಬರುವುದಿಲ್ಲ. ಮೆಟ್ಟಿಲಿಗೆ ಸಿಮೆಂಟ್ ಬರುತ್ತದೆ. ಅದಕ್ಕೊಂದು ಉದ್ಘಾಟನೆಯೂ ಆಗುತ್ತದೆ.

ನಿಮ್ಮವರು ಯಾರಾದರೂ ಬಿದ್ದು ಆಸ್ಪತ್ರೆ ಸೇರಿದ್ದರೆ, ಡಿಸ್ಚಾರ್ಜ್ ದಿನ ಬಿಲ್ಲಿನ ಮೊತ್ತ ನೋಡುವ ಮೊದಲು ‘ಹಿಸ್ಟರಿ’ ಸಾಲು ಓದಿ. ಇಂಗ್ಲಿಷ್ ಬಾರದಿದ್ದರೆ ಓದಿಸಿ. ಏಣಿ ಕಾಣದಿದ್ದರೆ ಡಾಕ್ಟರ ಮುಂದೆ ನಿಂತು ಬರೆಸಿ. ಸಹಿ ಆಮೇಲೆ.