ಮಡ್‌ಗಾರ್ಡ್ ಕಳಚಿದ ಫೋರ್ಡು

ಶನಿವಾರ ಬೆಳಬೆಳಗ್ಗೆ ಅಪ್ಪ ಮಗಳು ಎಲ್ಲಿಗೆ ಹೊರಟಿರಿ ಅಂತ ಕೇಳಿದಿರಲ್ಲ ರಾಯರೇ, ಪೊಮೋನಾಕ್ಕೆ. ಅಲ್ಲಿ ಚಳಿಗಾಲದಲ್ಲಿ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋ ನಡೆಯುತ್ತೆ. 1950ರಲ್ಲಿ ಓಕ್ಲೆಂಡಿನಲ್ಲಿ ಶುರುವಾದದ್ದು, 2004ರಿಂದ ನಮ್ಮ ಲಾಸ್ ಏಂಜಲಿಸ್ ಕಡೆಗೆ ಬಂದಿದೆ. ಧರ್ಮಸ್ಥಳದಲ್ಲಿ ಹಳೇ ಕಾರುಗಳ ಮ್ಯೂಸಿಯಂ ನೋಡಿದ್ದೀರಲ್ಲ, ಇದು ಆ ಥರದ್ದಲ್ಲ. ಅಲ್ಲಿ ಹಳೆಯದನ್ನ ಹಾಗೇ ಜೋಪಾನವಾಗಿ ಕಾಪಾಡಿದ್ದಾರೆ. ಈ ಶೋಗೆ ಬರೋ ಹಾಟ್ ರಾಡ್‌ನವರು ಅಂಥದೇ ಹಳೇ ಕಾರನ್ನ ಬಿಚ್ಚಿ, ಕೊಯ್ದು, ತಗ್ಗಿಸಿ, ಬೇಕಾದ ಇಂಜಿನ್ ಕೂರಿಸಿ ತಮ್ಮದಾಗಿಸಿಕೊಳ್ಳುತ್ತಾರೆ.

ಇದು ಕೈಯಲ್ಲಿ ಕಾಸಿಲ್ಲದ ಹುಡುಗರು ಹುಟ್ಟುಹಾಕಿದ ಕಸುಬು ರಾಯರೇ, ಅದಕ್ಕೇ ನನಗೆ ಇಷ್ಟ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯರ ಕಾರಿಗೆ ವಿ8 ಇಂಜಿನ್ ಹಾಕಿತು. 65 ಅಶ್ವಶಕ್ತಿ, ಆ ಕಾಲಕ್ಕೆ ಕಡಿಮೆಯೇನಲ್ಲ. ಸೆಕೆಂಡ್‌ಹ್ಯಾಂಡಾಗಿ ಕೈಗೆ ಸಿಕ್ಕ ಫೋರ್ಡಿನಿಂದ ಹುಡುಗರು ಮಡ್‌ಗಾರ್ಡು, ಮುಂದಿನ ಗಾಜು ಎಲ್ಲ ಕಿತ್ತು ಭಾರ ಇಳಿಸಿ, ಮೊಹಾವಿ ಮರುಭೂಮಿಯ ಬತ್ತಿದ ಕೆರೆ ಅಂಗಳದಲ್ಲಿ ಓಡಿಸುತ್ತಿದ್ದರು. ಮುರಾಕ್, ಎಲ್ ಮಿರಾಜ್ ಅಂತ ಜಾಗಗಳು. 1937ರಲ್ಲಿ ಕ್ಲಬ್ಬುಗಳೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡು ಹೊತ್ತು ಅಳೆದು ಓಡಿಸತೊಡಗಿದವು. ಯುದ್ಧ ಮುಗಿಸಿ ಹುಡುಗರು ಮನೆಗೆ ಬಂದ ಮೇಲಂತೂ ಹೇಳುವ ಹಾಗೇ ಇಲ್ಲ. 1948ರ ಜನವರಿಗೆ ‘ಹಾಟ್ ರಾಡ್’ ಅಂತ ಪತ್ರಿಕೆಯೇ ಬಂತು.

ಪೊಮೋನಾದ ಶೋನಲ್ಲಿ ಮೊದಲು ಕಂಡದ್ದು, ದೊಡ್ಡ ಹಾಲಿನಲ್ಲಿ ಬಹುಮಾನಕ್ಕೆ ನಿಂತ ಕಾರುಗಳು. ಅಮೆರಿಕದ ಅತಿ ಚೆಲುವಾದ ರೋಡ್‌ಸ್ಟರ್ ಅಂತ ಆರಿಸಿ, ಆಳೆತ್ತರಕ್ಕಿಂತ ದೊಡ್ಡ ಟ್ರೋಫಿಯಲ್ಲಿ ಹೆಸರು ಕೆತ್ತುತ್ತಾರೆ. ಚೆನ್ನಾಗಿದ್ದವು, ಇಲ್ಲ ಅನ್ನಲ್ಲ. ಆದರೆ ಕೆಲವು ಟ್ರೈಲರಿನಲ್ಲಿ ಬಂದು ಟ್ರೈಲರಿನಲ್ಲೇ ಹೋಗುವಂಥವು, ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಮೊದಲ ವರ್ಷ ಗೆದ್ದ ಬಿಲ್ ನೀಕ್ಯಾಂಪ್ ತನ್ನ 1929ರ ಫೋರ್ಡನ್ನ ಆಮೇಲೂ ಎಲ್ ಮಿರಾಜಿನ ಧೂಳಿಗೆ ಒಯ್ದು ಓಡಿಸಿದ. ಕಾರು ಇರೋದು ಅದಕ್ಕೇ ತಾನೆ?

ನಾವು ಹೆಚ್ಚು ಹೊತ್ತು ಇದ್ದದ್ದು ಮಂಕು ಬಣ್ಣದ, ಮನೆ ಶೆಡ್ಡಿನಲ್ಲಿ ಕಟ್ಟಿದ ಕಾರುಗಳ ಕಡೆ. ಒಬ್ಬ ಅಜ್ಜ ಬಾನೆಟ್ಟೇ ಇಲ್ಲದ ವಿ8 ಫೋರ್ಡಿನ ಪಕ್ಕ ಮಡಚೋ ಕುರ್ಚಿ ಹಾಕಿಕೊಂಡು ಕೂತಿದ್ದ. ಮಗಳು ಬಗ್ಗಿ ನೋಡಿದಳು, ಆ ಕಡೆ ಹೋಗಿ ನೋಡಿ ಬಂದಳು, ಆಮೇಲೆ ಕೇಳಿದಳು: “ಒಂದೊಂದು ಕಡೆ ನಾಲ್ಕು ಸಿಲಿಂಡರ್ ಅಲ್ವಾ, ಹೊಗೆ ಬರೋ ಬಾಯಿ ಮಾತ್ರ ಮೂರೇ ಯಾಕೆ?”

ಅಜ್ಜ ಎದ್ದೇಬಿಟ್ಟ. ಈ ಇಂಜಿನ್ನಿನಲ್ಲಿ ವಾಲ್ವುಗಳು ಮೇಲಿನ ಮುಚ್ಚಳದಲ್ಲಿ ಇರೋದಿಲ್ಲ, ಸಿಲಿಂಡರಿನ ಮಗ್ಗುಲಲ್ಲೇ ಕೂತಿರುತ್ತವೆ. ಹಾಗಾಗಿ ತಲೆ ಚಪ್ಪಟೆ. ಉರಿದ ಹೊಗೆ ಬ್ಲಾಕಿನ ಒಳಗೇ ಹಾದು ಹೊರಗೆ ಬರಬೇಕು, ನಡುವಿನ ಎರಡು ಸಿಲಿಂಡರಿಗೆ ಸೇರಿ ಒಂದೇ ದಾರಿ. ಅದನ್ನೆಲ್ಲ ಎಣ್ಣೆ ಹತ್ತಿದ ಬೆರಳಿನಿಂದ ತೋರಿಸಿ ತೋರಿಸಿ ಹೇಳಿದ. “ಹಾಗಾದ್ರೆ ಇಂಜಿನ್ ಬಿಸಿಯಾಗಲ್ವಾ?” ಅಂದಳು ಇವಳು. ಆಗುತ್ತೆ ಮಗೂ, ಕುದಿಯುತ್ತೆ, ಇದಕ್ಕೆ ಇರೋ ರೋಗವೇ ಅದು ಅಂತ ಅಜ್ಜ ಅವಳನ್ನ ಸೀಟಿನಲ್ಲಿ ಕೂರಿಸಿ ಕ್ಲಚ್ ಒತ್ತಿಸಿದ. ಕಾಲು ಎಟುಕಲಿಲ್ಲ ಪಾಪ, ಜಾರಿ ಜಾರಿ ಒತ್ತಿದಳು.

ನಮ್ಮ ಮನೆ ಕಾರಿನ ಬಾನೆಟ್ ಎತ್ತಿದರೆ ಕಾಣೋದು ಕರೀ ಪ್ಲಾಸ್ಟಿಕ್ ಮುಚ್ಚಳ. ಕಾರು ಅಂದರೆ ಬಿಚ್ಚಿ ನೋಡಬಹುದಾದ, ಕೇಳಿ ತಿಳಿಯಬಹುದಾದ ಸಾಮಾನು ಅಂತ ಈ ವಯಸ್ಸಿನಲ್ಲಿ ಗೊತ್ತಾಗೋದು ದೊಡ್ಡ ವಿಷಯ ರಾಯರೇ. ಹೆಣ್ಣುಮಗು ಕೇಳುತ್ತಿದೆ ಅಂತ ಅಜ್ಜ ಒಂದು ಮಾತನ್ನೂ ತೇಲಿಸಿ ಹೇಳಲಿಲ್ಲ, ಅದಂತೂ ನನಗೆ ತುಂಬಾ ಹಿಡಿಸಿತು.

ಎಲ್ ಮಿರಾಜಿನಲ್ಲಿ ಈಗಲೂ ಓಟ ನಡೆಯುತ್ತೆ, ಬೇಸಿಗೆ ಕಡೆಗೆ. ಅಜ್ಜನೂ ಬರುತ್ತಾನಂತೆ. ನೀವು ಊರಿಗೆ ಹೊರಡೋದು ಯಾವಾಗ? ಅಷ್ಟರಲ್ಲಿ ಓಟ ಶುರುವಾದರೆ ನೀವೂ ಬನ್ನಿ. ಅಮ್ಮನವರನ್ನೂ ಕರೆತನ್ನಿ, ಒಂದು ಟೋಪಿ ಮಾತ್ರ ಮರೀಬೇಡಿ, ಅಲ್ಲಿ ನೆರಳಿಗೆ ಒಂದು ಮರ ಇಲ್ಲ.