ಮುಚ್ಚಳ ಪರ್ವ

ಗಂಡ: ಕೊಡೇ ಇಲ್ಲಿ. ಇದಕ್ಕೆಲ್ಲ ತೋಳಲ್ಲಿ ಬಲ ಬೇಕು.

ಹೆಂಡತಿ: ತಗೊಳ್ಳಿ. ಹೊಸ ಜಾಮ್ ಬಾಟಲಿ. ಚಪಾತಿ ಆರೋದ್ರೊಳಗೆ ಬಿಚ್ಚಿಕೊಡಿ.

(ಮೊದಲು ಟವೆಲ್ ಸೋತಿತು. ಆಮೇಲೆ ಬಾಗಿಲ ಸಂದಿ. ಬಾಗಿಲಿನ ಬಣ್ಣ ಕಿತ್ತುಬಂದದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.)

ಅಮ್ಮ: ಮುಚ್ಚಳಕ್ಕೆ ಸ್ವಲ್ಪ ಬಿಸಿನೀರು ಬಿಡೋ. ಗಾಜಿಗಿಂತ ತಗಡು ಜಾಸ್ತಿ ಹಿಗ್ಗುತ್ತೆ.

ಗಂಡ: ಅಮ್ಮಾ, ಇದು ಭೌತಶಾಸ್ತ್ರ! ಬಿಸಿಬಿಸಿ ಇದ್ದಾಗಲೇ ತುಂಬಿ ಮುಚ್ಚಿರ್ತಾರೆ. ಆರಿದ ಮೇಲೆ ಒಳಗಿನ ಒತ್ತಡ ಇಳಿಯುತ್ತೆ, ಹೊರಗಿನ ಗಾಳಿ ಮುಚ್ಚಳವನ್ನ ಅದುಮಿ ಹಿಡಿಯುತ್ತೆ.

ಹೆಂಡತಿ: ಅಂದ್ರೆ ಇಷ್ಟು ಹೊತ್ತು ನೀವು ಕುಸ್ತಿ ಆಡಿದ್ದು ವಾಯುಮಂಡಲದ ಜೊತೆ.

ಗಂಡ: ಮತ್ತೆ? ಸಾಮಾನ್ಯ ಎದುರಾಳಿ ಅಂದ್ಕೊಂಡ್ಯಾ?

ಹೆಂಡತಿ: ಒಳಗೆ ಗಾಳಿ ಬಿಟ್ರೆ ಮುಗೀತಲ್ಲ.

(ಚಮಚದ ತುದಿಯನ್ನು ಮುಚ್ಚಳದ ಅಂಚಿಗೆ ಕೊಟ್ಟು ಮೆಲ್ಲಗೆ ಮೀಟಿದಳು. ‘ಟಪ್’. ಎರಡೇ ಬೆರಳಲ್ಲಿ ತಿರುಗಿಸಿದಳು.)

ಗಂಡ: ನಾನು ಆಗಲೇ ಸಡಿಲ ಮಾಡಿಟ್ಟಿದ್ದೆ.

ಅಮ್ಮ: ನಿಮ್ಮಪ್ಪನೂ ಹೀಗೇ ಸಡಿಲ ಮಾಡಿಡ್ತಿದ್ರು.

ಹೆಂಡತಿ: ಸರಿ, ಆ ಉಪ್ಪಿನಕಾಯಿ ಬಾಟಲೀನೂ ಸಡಿಲ ಮಾಡಿಡಿ. ಚಮಚ ನನ್ನ ಹತ್ರಾನೇ ಇರುತ್ತೆ.